ಕೆಂಪು ಗೀಟಿನ ಬಾಟಲಿಗಳು

ಅವರ ಬಲಗೈ ಸದಾ ತಣ್ಣಗಿರುತ್ತಿತ್ತು. ಔಷಧಿ ಕೊಡುವಾಗ ತಾಗಿದರೆ ಮೈ ಜುಮ್ಮೆನ್ನುತ್ತಿತ್ತು. ಜಂಗಮಕೋಟೆಯ ಬಸ್ ನಿಲ್ದಾಣದ ಎದುರು ಮೆಡಿಕಲ್ ಸ್ಟೋರ್ ಇಟ್ಟಿದ್ದ ಅವರು, ಮಗುವಿನ ಜ್ವರ ನೋಡುವ ಹಾಗೆ, ಆಗಾಗ ಫ್ರಿಜ್ಜಿನೊಳಗೆ ಕೈ ಚಾಚುತ್ತಿದ್ದರು. ಒಳಗೆ ಥರ್ಮಾಮೀಟರ್ ಇದ್ದರೂ ಅಷ್ಟೇ.

"ಏನ್ ಸಾರ್, ಫ್ರಿಜ್ಜಿಗೆ ಜ್ವರಾನಾ?" ಎಂದು ಯಾರಾದರೂ ಕೆಣಕಿದರೆ, "ನಿಮ್ ರೇಷ್ಮೆ ಹುಳದ ಮನೆಗೆ ತಂಪಿಗೆ ಒದ್ದೆ ಗೋಣಿ ಕಟ್ಟಲ್ವೇನಪ್ಪ, ಹಂಗೇ ಇದೂ" ಎನ್ನುತ್ತಿದ್ದರು.

ಎರಡು ಸಾವಿರದ ದಶಕದ ಒಂದು ಬೇಸಿಗೆ. ಮಳೆ ಬಂದಿತ್ತೆಂದು ಬರೆಯಹೊರಟೆ. ಅದು ನಾನು ಆಮೇಲೆ ಸೇರಿಸಿಕೊಂಡದ್ದಿರಬೇಕು. ಹಿಂದಿನ ದಿನದಿಂದ ಕರೆಂಟು ಇರಲಿಲ್ಲವೆನ್ನುವುದು ಮಾತ್ರ ಖಚಿತ. ಅಮ್ಮನ ಇನ್ಸುಲಿನ್ ಮುಗಿದಿತ್ತು. ಅವರು ಫ್ರಿಜ್ಜಿನಲ್ಲಿದ್ದ ಬಾಟಲಿಗಳ ಮೇಲೆಲ್ಲ ಕೆಂಪು ಪೆನ್ನಿನಿಂದ ಗೀಟು ಎಳೆಯುತ್ತಿದ್ದರು.

"ಇದು ಕೊಡಲ್ಲ ಕಣಮ್ಮ, ತಂಪು ಹೋಗಿದೆ. ಶಿಡ್ಲಘಟ್ಟಕ್ಕೆ ಹೋಗು."

"ತಾರೀಕು ಇನ್ನೂ ಇದೆಯಲ್ಲ ಸಾರ್. ನೀರಿನಂಗೆ ತಿಳಿಯಾಗಿದೆ."

"ಕೆಟ್ಟಿದ್ದು ಕಣ್ಣಿಗೆ ಕಾಣಿಸಿದ್ರೆ ನನಗ್ಯಾಕೆ ಈ ಪಾಡು?"

ಪಕ್ಕದಲ್ಲಿದ್ದ ಹಾಲಿನ ಡೈರಿಯವರು ನಕ್ಕರು. "ಕೊಡಿ ಸಾರ್, ಡ್ರಗ್ ಇನ್ಸ್‌ಪೆಕ್ಟ್ರೇನ್ ಈಗ ಬರ್ತಾರಾ?"

"ಅವರು ಯಾವಾಗ್ಲೋ ಬರ್ತಾರೆ. ಇವರಮ್ಮನ ಸಕ್ಕರೆ ದಿನಾ ಏರ್ತದಲ್ಲಪ್ಪ."

ಡೈರಿಯವರ ಐಸ್ ಪೆಟ್ಟಿಗೆಯಿಂದ ಫ್ಲಾಸ್ಕಿಗೆ ಐಸ್ ತುಂಬಿ ನನ್ನ ಕೈಗಿತ್ತರು. "ಬಾಟಲಿಗೆ ಬಟ್ಟೆ ಸುತ್ತಿಡು, ಹೆಪ್ಪುಗಟ್ಟಿದ್ರೂ ಕೆಡ್ತದೆ" ಎಂದು ಸಕ್ಕರೆಯಿಲ್ಲದ ತಮ್ಮ ಕಾಫಿಗೆ ಮರಳಿದರು. ಅವರಿಗೂ ಅದೇ ಕಾಯಿಲೆ. ನಾನು ಬೈದುಕೊಂಡೇ ಬಸ್ ಹತ್ತಿದೆ. ಕರೆಂಟಿನ ಕಾಟ ಹೆಚ್ಚಿದಂತೆ ಅನೇಕರು ಬೇರೆ ಅಂಗಡಿ ಹಿಡಿದರು. ಅಮ್ಮ ಹಿಡಿಯಲಿಲ್ಲ.

ಕೆಲವು ವರ್ಷಗಳಲ್ಲಿ ಅವರ ಕಾಲಿನ ಗಾಯ ಮಾಯದಾಯಿತು, ಆಮೇಲೆ ಮೂತ್ರಪಿಂಡ ಕೈಕೊಟ್ಟಿತು. ಅವರು ತೀರಿಕೊಂಡ ಮೇಲೆ ಮಾತಾಡಿಸಲು ನಾನೂ ಅಮ್ಮನೂ ಮನೆಗೆ ಹೋದೆವು. ಅವರ ಹೆಂಡತಿ ನೀರು ಕೊಡಲು ಫ್ರಿಜ್ಜು ತೆರೆದರು. ಬಾಗಿಲಿನ ಸಾಲಿನಲ್ಲಿ ಇನ್ಸುಲಿನ್ ಬಾಟಲಿಗಳು, ಒಂದೊಂದರ ಮೇಲೂ ಕೆಂಪು ಗೀಟು. ಕೆಲವು ಅರ್ಧ ಖಾಲಿಯಾಗಿದ್ದವು.

"ಕಂಪನಿಯವರು ವಾಪಸ್ ತಗೊಳ್ಳಲ್ಲ, ಚೆಲ್ಲಕ್ಕೆ ಮನಸ್ಸು ಬರಲ್ಲ ಅಂತಿದ್ರು" ಎಂದರು ಆಕೆ. "ನನಗೇನಾಗ್ತದೆ ಬಿಡೇ, ಅಂತ ಇದನ್ನೇ ಹಾಕ್ಕೊಳ್ಳೋರು."

ಸಾವಿಗೆ ಅದೇ ಕಾರಣವೆಂದು ಯಾವ ಡಾಕ್ಟರೂ ಹೇಳಿಲ್ಲ. ನಾನೂ ಹೇಳಲಾರೆ. ಅಮ್ಮ ಮಾತ್ರ ಆ ನೀರನ್ನು ಕುಡಿಯದೆ, ತಣ್ಣನೆಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದಳು.