ಕುಂಕುಮಕ್ಕೆ ಕರೆದರು

೧೯೮೩ರಲ್ಲಿ, ಏಳನೇ ಕ್ಲಾಸಿನ ಮಧ್ಯದಲ್ಲಿ, ನಾನು ಓದು ಬಿಟ್ಟೆ. ಅಪ್ಪ ಕಾಯಿಲೆ ಬಿದ್ದಿದ್ದ. ಅಕ್ಕಿಪೇಟೆಯ ಮಂಡಿಯೊಂದರಲ್ಲಿ ಮೂಟೆಯ ಬಾಯಿ ಹೊಲಿಯುವ ಕೆಲಸ ಸಿಕ್ಕಿತು. ಚಾಮರಾಜಪೇಟೆಯ ನಮ್ಮ ಶಾಲೆಯ ಮಿಸ್ ಒಬ್ಬರು ಮನೆಯವರೆಗೂ ಬಂದು, "ಹುಡುಗ ಚೆನ್ನಾಗಿ ಓದ್ತಾನೆ, ಬಿಡಿಸ್ಬೇಡಿ" ಎಂದು ಅಮ್ಮನಿಗೆ ಹೇಳಿದರು. ಅಮ್ಮ ಅವರಿಗೆ ಕಾಫಿ ಕೊಟ್ಟಳು, ನನ್ನ ಕೈಗೆ ದಬ್ಬಣ ಕೊಟ್ಟಳು. ಮೂಟೆ ಹೊಲಿದೆ, ಮೂಟೆ ಹೊತ್ತೆ, ಕೊನೆಗೆ ಅದೇ ಬೀದಿಯಲ್ಲಿ ಸ್ವಂತ ಅಂಗಡಿ ಹಾಕಿದೆ. ಯಾರ ಮುಂದೆಯೂ ಕೈ ಚಾಚಿದವನಲ್ಲ. ಇದನ್ನು ಜಂಬ ಎನ್ನುವವರು ಎನ್ನಲಿ.

ಆ ಮಿಸ್ಸಿನ ಮಗ ಮುಂದೆ ಡಾಕ್ಟರಾದರು. ನಮ್ಮ ಮನೆಯಿಂದ ನಾಲ್ಕು ಹೆಜ್ಜೆಗೆ ಅವರ ನರ್ಸಿಂಗ್ ಹೋಮ್. ನಮ್ಮ ಕಡೆ ಮದುವೆ ಪತ್ರಿಕೆ ಅಚ್ಚಾದರೆ ಮೊದಲನೆಯದು ದೇವರ ಮುಂದೆ, ಎರಡನೆಯದು ಅವರ ಮನೆಗೆ. ನನ್ನ ಹೆಂಡತಿಗೆ ಪಿತ್ತಕೋಶದಲ್ಲಿ ಕಲ್ಲು ಎಂದಾಗ ಬೇರೆಲ್ಲಿಗೆ ಹೋಗುತ್ತಿದ್ದೆವು? "ಏನೂ ಇಲ್ಲ, ಸಣ್ಣ ಆಪರೇಷನ್. ಹಬ್ಬಕ್ಕೆ ಒಬ್ಬಟ್ಟು ಅವ್ರೇ ತಟ್ತಾರೆ, ನಂಗೂ ಕಳಿಸಿ" ಎಂದು ನಕ್ಕರು.

ಆಪರೇಷನ್ ಮುಗಿಸಿ ಹೊರಗೆ ಬಂದವರು "ಫಸ್ಟ್ ಕ್ಲಾಸ್" ಎಂದು ಹೇಳಿ ಕಾರು ಹತ್ತಿ ಹೋದರು. ಮತ್ತಿನಲ್ಲಿದ್ದ ಅವಳನ್ನು ಪಕ್ಕದ ಕೋಣೆಯಲ್ಲಿ ಮಲಗಿಸಿದರು. ನಾನು ಬಾಗಿಲ ಹೊರಗಿನ ಬೆಂಚಿನ ಮೇಲಿದ್ದೆ. ಒಳಗಿನ ಮೆಷಿನ್ನು ಕೂಗತೊಡಗಿತು. ಕೂಗು ನಿಲ್ಲಲಿಲ್ಲ. ಎದ್ದು ಹೋಗಿ ನರ್ಸಿಗೆ ಹೇಳಿದೆ.

"ಅದು ಹಂಗೇ ಹೊಡ್ಕೊಳ್ತಿರುತ್ತೆ ಅಂಕಲ್. ಬೆರಳಿನ ಕ್ಲಿಪ್ ಜಾರಿರತ್ತೆ. ಹೋಗಿ ಕೂತ್ಕೊಳ್ಳಿ."

ಮತ್ತೆ ಹೋದೆ. "ಹೇಳಿದ್ನಲ್ಲ!" ಎಂದಳು. ಎಷ್ಟೋ ಹೊತ್ತಿನ ಮೇಲೆ ತಾನಾಗಿ ಒಳಗೆ ಹೋದವಳು ಓಡಿಕೊಂಡು ಹೊರಗೆ ಬಂದಳು.

ದೊಡ್ಡ ಆಸ್ಪತ್ರೆಗೆ ಸಾಗಿಸಿದೆವು. ಜೀವ ಉಳಿಯಿತು. ಕಣ್ಣು ಬಿಟ್ಟಾಗ ನನ್ನನ್ನು ಗೋಡೆ ನೋಡುವ ಹಾಗೆ ನೋಡಿದಳು. ಅಲ್ಲಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಮತ್ತು ಇಳಿಯೋ ಮುಂಚೆ ಉಸಿರು ಕಟ್ಟಿದೆ, ಮೆದುಳಿಗೆ ಆಕ್ಸಿಜನ್ ಹೋಗಿಲ್ಲ. ಯಾರಾದ್ರೂ ಪಕ್ಕದಲ್ಲೇ ನಿಂತು ನೋಡ್ಕೋಬೇಕಿತ್ತು" ಎಂದರು.

"ಅದನ್ನೇ ಬರೆದು ಕೊಡಿ ಸಾರ್."

ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. "ನಾನು ಅಲ್ಲಿರ್ಲಿಲ್ವಲ್ಲ."

ಬೇರೆ ಡಾಕ್ಟರುಗಳ ಬಾಗಿಲಿಗೂ ಹೋದೆ. ಬಾಯಲ್ಲಿ ಹೇಳುವವರು ಸಿಕ್ಕರು; ಬರೆದು ಕೊಡುವವರು ಸಿಗಲಿಲ್ಲ. ನಮ್ಮ ಡಾಕ್ಟರಂತೂ "ಅವ್ರ ಹಾರ್ಟೇ ವೀಕ್ ಇತ್ತು, ಬಾಡಿ ತಡ್ಕೊಳ್ಲಿಲ್ಲ" ಎಂದು ತಪ್ಪನ್ನು ಅವಳ ಮೈಮೇಲೇ ಹೊರಿಸಿದರು. ಅಂಗಡಿಯಲ್ಲಿ ಆಳು ಬಾರದ ದಿನ ಅಕ್ಕಿ ಮೂಟೆಯ ಇನ್ನೊಂದು ತುದಿ ಹಿಡಿಯುತ್ತಿದ್ದವಳು ಅವಳು. ಅದಕ್ಕೇ ಗ್ರಾಹಕರ ಕೋರ್ಟಿಗೆ ಹೋದೆ. ನೋಡಿಕೊಳ್ಳುವವರಿಲ್ಲದೆ ಅವಳು ಹೀಗಾದಳು ಎಂದು ಒಬ್ಬರಾದರೂ ಒಪ್ಪಬೇಕಿತ್ತು. ನನಗೆ ಬೇಕಾದದ್ದು ಅಷ್ಟೇ. ಬೀದಿಯವರಿಗೆ ಅದು ಹಿಡಿಸಲಿಲ್ಲ. "ಕೋರ್ಟು ಗೀರ್ಟು ಯಾಕಣ್ಣ? ನಾಳೆ ನಮ್ಮ ಮನೇಲಿ ಜ್ವರ ಬಂದ್ರೆ ನೋಡೋರು ಅವ್ರೇ ತಾನೆ?"

ಕೇಸು ನಡೆಯುತ್ತಿರುವಾಗ ಗೌರಿ ಹಬ್ಬ ಬಂತು. ವಯಸ್ಸಾದ ಮಿಸ್ಸೇ ಕೋಲೂರಿಕೊಂಡು ಕುಂಕುಮಕ್ಕೆ ಕರೆಯಲು ಬಂದರು.

"ಏನೋ, ನಿಂಗೂ ನನ್ನ ಮಗಂಗೂ ಕೋರ್ಟಲ್ಲಿ ಏನಾದ್ರೂ ಇರ್ಲಿ. ನಂಗೂ ನಿನ್ನ ಹೆಂಡ್ತಿಗೂ ಜಗಳ ಇದ್ಯೇನೋ?"

"ಅವಳಿಗೆ ಏನೂ ಗೊತ್ತಾಗಲ್ಲ ಮಿಸ್."

"ಗೌರಿಗೆ ಗೊತ್ತಾಗತ್ತೆ. ಮುತ್ತೈದೆ ಕಣೋ, ಸಾಯಂಕಾಲ ಕರ್ಕೊಂಡು ಬಾ."

ಕುಂಕುಮಕ್ಕೆ ಕರೆದರೆ ಬರುವುದಿಲ್ಲ ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ಹೋದ ಮೇಲೆ, ಅಲ್ಲಿ ಸೇರಿದ ಹೆಂಗಸರಿಗೆ "ಅಯ್ಯೋ ಪಾಪ" ಎನ್ನಲು ಒಂದೆಳೆ ಸಿಗಬಾರದು ಎಂದು ನನಗೆ ಹಟ. ಮಕ್ಕಳಿಲ್ಲದ ಮನೆ, ನಾನೇ ಸ್ನಾನ ಮಾಡಿಸಿ ಮದುವೆಯ ರೇಷ್ಮೆ ಸೀರೆ ಉಡಿಸಿದೆ. ನಿಲ್ಲದ ನೆರಿಗೆಗೆ ಪಿನ್ನು ಚುಚ್ಚಿದೆ. ಜಡೆ ಹಾಕಿ ಮಲ್ಲಿಗೆ ಮುಡಿಸಿದೆ. ಬಾಯಿಂದ ಸೋರುವ ಜೊಲ್ಲನ್ನು ಯಾರೂ ಕಾಣುವ ಮೊದಲೇ ಒರೆಸುತ್ತ, ಸೆರಗಿನ ಮರೆಯಲ್ಲಿ ಸೊಂಟಕ್ಕೆ ಕೈ ಕೊಟ್ಟು ನಡೆಸಿಕೊಂಡು ಹೋದೆ.

ಆಗ ಅವಳಲ್ಲಿ ಉಳಿದಿದ್ದ ಮಾತು ಒಂದೇ, ಯಾರು ಬಂದರೂ ಅದೇ. ಡಾಕ್ಟರು ನಡುಮನೆಗೆ ಬಂದಾಗ, ಅವರದೇ ಮನೆಯಲ್ಲಿ, ಎರಡೂ ಕೈ ಮುಗಿದು "ಬನ್ನಿ, ಕೂತ್ಕೊಳ್ಳಿ" ಎಂದಳು. ಹೆಂಗಸರು ನಕ್ಕರು. "ನೋಡಿ, ಎಷ್ಟ್ ಚೆನ್ನಾಗಾಗಿದಾರೆ!" ಎಂದರು ಒಬ್ಬರು. ಡಾಕ್ಟರ ಹೆಂಡತಿ ಮೊಬೈಲಿನಲ್ಲಿ ಫೋಟೋ ತೆಗೆದರು. ಡಾಕ್ಟರು ನನ್ನ ಕಡೆ ತಿರುಗಲೇ ಇಲ್ಲ. ಅವರು ಒಂದು ಮಾತು ಆಡಬಹುದಿತ್ತು. ರವಿಕೆ ಕಣ, ಎಲೆ ಅಡಿಕೆ ಕೊಟ್ಟು ಕಳಿಸಿದರು.

ಮುಂದಿನ ವಿಚಾರಣೆಯಲ್ಲಿ ಅವರ ವಕೀಲರು ಆ ಫೋಟೋವನ್ನು ಮೇಲಕ್ಕೆತ್ತಿ ಹಿಡಿದರು. "ಮೆದುಳೇ ಹೋಗಿದೆ ಅಂತಾರೆ ಸ್ವಾಮಿ. ನೋಡಿ, ರೇಷ್ಮೆ ಸೀರೆ, ಮಲ್ಲಿಗೆ ಹೂವು, ನಗು. ನಮ್ಮ ಕಕ್ಷಿದಾರರಿಗೇ ಕೈ ಮುಗೀತಿದಾರೆ." ಫೋಟೋದ ಅಂಚಿನಲ್ಲಿ ನನ್ನ ಅರ್ಧ ಭುಜ ಇತ್ತು. ಅವಳನ್ನು ಹಿಡಿದು ನಿಲ್ಲಿಸಿದ್ದ ಕೈ ಸೆರಗಿನ ಹಿಂದಿತ್ತು.

ಹೊರಗೆ ಬಂದಾಗ ನನ್ನ ವಕೀಲರು ರೇಗಿದರು. "ಏನ್ ಯಜಮಾನ್ರೆ, ಮದುಮಗಳ ಥರ ರೆಡಿ ಮಾಡಿದೀರಲ್ಲ! ನೈಟೀಲೇ ಕರ್ಕೊಂಡು ಹೋಗಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಅವ್ಳು ನನ್ನ ಹೆಂಡ್ತಿ ಕಣ್ರೀ, ಸಾಕ್ಷಿ ಸಾಮಾನಲ್ಲ."

ತೀರ್ಪು ಬಂತು. ತಜ್ಞರ ಅಭಿಪ್ರಾಯ ಇಲ್ಲ, ಚೇತರಿಸಿಕೊಂಡಂತೆ ಕಾಣುತ್ತದೆ, ದೂರು ವಜಾ. ಬೀದಿಯಲ್ಲಿ ಅಂದು ಯಾರೋ ಡಾಕ್ಟರಿಗೆ ಹಾರ ಹಾಕಿದರಂತೆ.

"ಮೇಲಿನ ಕೋರ್ಟಿಗೆ ಹೋಗೋಣ" ಎಂದರು ವಕೀಲರು. "ಈ ಸಲ ಅವ್ರನ್ನೇ ಕರ್ಕೊಂಡು ಬನ್ನಿ, ಹೆಂಗಿದಾರೋ ಹಂಗೇ. ತಲೆ ಬಾಚ್ಬೇಡಿ, ಬಾಯಿ ಒರೆಸ್ಬೇಡಿ. ಜಡ್ಜು ಕಣ್ಣಾರೆ ನೋಡ್ಲಿ. ಗೆಲ್ತೀವಿ."

ಅವರು ಹೇಳಿದ್ದು ಸರಿಯೇ ಇರಬಹುದು. ಬಾಯಿ ಒರೆಸದೆ, ಕಪ್ಪು ಕೋಟಿನವರ ನಡುವೆ ಅವಳನ್ನು ಕೂರಿಸುವುದನ್ನು ಯೋಚಿಸಿ ನೋಡಿದೆ. ಆಗಲ್ಲ ಎಂದೆ. ಫೈಲನ್ನು ವಾಪಸ್ ತಂದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಅರ್ಧ ದಿನ ಬಾಗಿಲು ತೆಗೆಯುವ ಒಂದು ಅಂಗಡಿ. ಎರಡು ಕೋಣೆಯ ಮನೆ. ಒಂದು ಗಾಲಿಕುರ್ಚಿ. ಬರುಬರುತ್ತ ನಡಿಗೆಯೂ ನಿಂತು, ತಾನಾಗಿ ಮಗ್ಗಲು ಬದಲಿಸಲಾಗದ ಒಬ್ಬ ಹೆಂಡತಿ. ನಮ್ಮ ಪಾಲಿಗೆ ಹತ್ತಿರದಲ್ಲಿ ಡಾಕ್ಟರು ಇಲ್ಲ. ಅವಳಿಗೆ ಜ್ವರ ಬಂದರೆ ಆಟೋ ಹಿಡಿದು ಮಲ್ಲೇಶ್ವರಕ್ಕೆ ಹೋಗುತ್ತೇವೆ.