ಹೇಮಶ್ರೀ ಮಿಸ್ಸಿನ ಗಣಿತದ ಪೀರಿಯಡ್

ಹಾನುಬಾಳಿನ ಹತ್ತಿರದ ಆ ಖಾಸಗಿ ಶಾಲೆಯ ಬೋರ್ಡಿಗೆ ‘ಗ್ಲೋಬಲ್’ ಅನ್ನುವ ಪದ ಸೇರಿದ ವರ್ಷವೇ ಹೇಮಶ್ರೀ ಮಿಸ್ಸಿನ ಗಣಿತದ ಪೀರಿಯಡ್ಡುಗಳಿಗೆ ಕತ್ತರಿ ಬಿತ್ತು. ಅವಳು ದಿನಾ ಆಲೂರಿನಿಂದ ಬಂದು ಲೆಕ್ಕ ಕಲಿಸುತ್ತಿದ್ದಳು. ಎಂಟನೇ ಕ್ಲಾಸಿನವರಿಗೆ ಶೇಕಡಾ ಅಂದರೆ ಇನ್ನೂ ತಲೆಬುಡ ಗೊತ್ತಿರಲಿಲ್ಲ. ಲೆಕ್ಕದ ಪೀರಿಯಡ್ಡಿನ ಹೊತ್ತಿನಲ್ಲಿ ಅವರು ಜಪಾನಿನ ಶಾಲೆಯೊಂದಕ್ಕೆ ವಿಡಿಯೋ ಕಾಲ್‌ನಲ್ಲಿ ಒಪ್ಪಿಸಬೇಕಾದ ಇಂಗ್ಲಿಷ್ ಭಾಷಣ ಬಾಯಿಪಾಠ ಮಾಡುತ್ತಿದ್ದರು. ಪ್ರಿನ್ಸಿಪಾಲ್ ಮೃತ್ಯುಂಜಯ ಅವರನ್ನು ಕೇಳಿದರೆ, ಪ್ರಪಂಚ ಎಲ್ಲಿಗೋ ಹೋಗಿದೆ, ನೀವಿನ್ನೂ ಮಗ್ಗಿ ಹಿಡಿದು ಕೂತಿದ್ದೀರಿ ಎಂದು ನಕ್ಕರು. ಆ ನಗುವಿಗೆ ಅವಳ ಮೈಯೆಲ್ಲ ಉರಿಯಿತು.

ಕಾಲ್ ಬಂದ ದಿನ, ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಹುಡುಗಿ ಧನುಶ್ರೀ ಹವಾಮಾನ ಬದಲಾವಣೆಯ ಭಾಷಣವನ್ನು ಉಸಿರು ಬಿಡದೆ ಒಪ್ಪಿಸಿದಳು. ಆ ಕಡೆಯ ಹುಡುಗಿಯೊಬ್ಬಳು, ಯಾರೂ ಬರೆದುಕೊಡದ ಪ್ರಶ್ನೆ ಕೇಳಿದಳು: ನಿಮ್ಮೂರಲ್ಲಿ ಕಾಫಿ ಹಣ್ಣು ಹೇಗೆ ಒಣಗಿಸುತ್ತೀರಿ? ಬಾಯಿಪಾಠದಾಚೆಯ ಇಂಗ್ಲಿಷ್ ಧನುಶ್ರೀಗೆ ಬರುತ್ತಿರಲಿಲ್ಲ. ಮೃತ್ಯುಂಜಯ ನೆಟ್‌ವರ್ಕ್ ಸರಿಯಿಲ್ಲವೆಂದು ಮೈಕ್ ಆಫ್ ಮಾಡಿದರು.

ಹೇಮಶ್ರೀ ಎದ್ದು ಹೋಗಿ ಮೈಕ್ ಆನ್ ಮಾಡಿದಳು. “ಕನ್ನಡದಲ್ಲೇ ಹೇಳು. ನಾನು ಇಂಗ್ಲಿಷ್‌ನಲ್ಲಿ ಹೇಳ್ತೀನಿ.”

“ಕಣದಲ್ಲಿ ಹರವಿ ಕೈಯಾಡಿಸ್ತಾನೇ ಇರ್ಬೇಕು ಮಿಸ್. ಇಲ್ಲಾಂದ್ರೆ ಬೂಷ್ಟು ಹಿಡಿದ್ಬುಡ್ತೈತೆ,” ಅಂದಳು ಧನುಶ್ರೀ.

ಹೇಮಶ್ರೀ ಅದನ್ನು ಇಂಗ್ಲಿಷ್‌ನಲ್ಲಿ ಹೇಳುತ್ತಿದ್ದಂತೆ ಆ ಕಡೆಯ ಮಕ್ಕಳು ಉತ್ಸಾಹದಿಂದ ಮುಂದಕ್ಕೆ ಬಾಗಿದರು. ಒಣಗಿದ ಮೇಲೆ ತೂಕ ಶೇಕಡಾ ಎಷ್ಟು ಇಳಿಯುತ್ತದೆ ಎಂದರು. ಶೇಕಡಾ ಲೆಕ್ಕ ಈ ಕಡೆಯ ಯಾವ ಮಗುವಿಗೂ ಬರುತ್ತಿರಲಿಲ್ಲ. ಹೇಮಶ್ರೀ, ಮುಂದಿನ ಸಲ ನಮ್ಮ ಮಕ್ಕಳೇ ಹೇಳುತ್ತಾರೆ ಎಂದು ಎಲ್ಲರೆದುರು ಮಾತು ಕೊಟ್ಟುಬಿಟ್ಟಳು.

ಶಾಲೆಯ ಮರ್ಯಾದೆ ತೆಗೆದಿರಿ ಎಂದು ಮೃತ್ಯುಂಜಯ ಆಫೀಸಿನಲ್ಲಿ ಕೂಗಾಡಿದರು.

“ಪ್ರಪಂಚ ನಮ್ಮ ಮಕ್ಕಳನ್ನ ಮಾತಾಡಿಸ್ತು ಸರ್. ಉತ್ತರಕ್ಕೆ ಬೇಕಾದ ಲೆಕ್ಕಾನೇ ನಾವು ಕಲಿಸಿರಲಿಲ್ಲ,” ಅಂದಳು ಹೇಮಶ್ರೀ. “ನನ್ನ ಪೀರಿಯಡ್ ವಾಪಸ್ ಕೊಡಿ. ಇಲ್ಲಾ, ಮುಂದಿನ ಸಲ ಸ್ಕ್ರೀನ್ ಮುಂದೆ ನೀವೇ ನಿಂತ್ಕೊಳಿ.”

ಪೀರಿಯಡ್ ವಾಪಸ್ ಬಂತು. ಮಕ್ಕಳು ಹಣ್ಣು ತೂಗಿ, ಶಾಲೆಯ ಅಂಗಳದಲ್ಲಿ ಒಣಗಿಸಿ, ಮತ್ತೆ ತೂಗಿದರು. ಲೆಕ್ಕ ತಪ್ಪಿದವರನ್ನು ಹೇಮಶ್ರೀ ಬಿಡಲಿಲ್ಲ. ಅಳಿಸಿ ಮತ್ತೆ ಮಾಡಿಸಿದಳು. ಮುಂದಿನ ಕಾಲ್‌ನಲ್ಲಿ ಧನುಶ್ರೀ ಹರುಕು ಮುರುಕು ಇಂಗ್ಲಿಷಿನಲ್ಲಿ ತಾನೇ ಉತ್ತರ ಹೇಳಿ, ನಿಮ್ಮಲ್ಲಿ ಟೀ ಸೊಪ್ಪು ಒಣಗಿದರೆ ಎಷ್ಟು ಇಳಿಯುತ್ತದೆ ಎಂದು ಅವರನ್ನೇ ಕೇಳಿದಳು.

ವಾರ್ಷಿಕೋತ್ಸವದಲ್ಲಿ ಮೃತ್ಯುಂಜಯ ಇದೆಲ್ಲ ತಮ್ಮ ಗ್ಲೋಬಲ್ ಯೋಜನೆಯ ಫಲವೆಂದು ಭಾಷಣ ಬಿಗಿದರು. ಜೂನ್‌ನಲ್ಲಿ ಹೊಸ ವೇಳಾಪಟ್ಟಿ ಬಂದಾಗ ಆ ಪೀರಿಯಡ್ ಮತ್ತೆ ಮಾಯವಾಗಿತ್ತು. ಹೇಮಶ್ರೀ ಹಲ್ಲು ಕಚ್ಚಿಕೊಂಡು ಆಫೀಸಿನ ಕಡೆ ನಡೆದಳು. ಈ ಸಲ ಅವಳೊಬ್ಬಳೇ ಇರಲಿಲ್ಲ. ಧನುಶ್ರೀಯ ತಾಯಿ ಆಶಾ ತೋಟದ ಕೆಲಸಕ್ಕೆ ರಜೆ ಹೇಳಿ, ಲೈನಿನ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು.