ನಾಲ್ಕು ತಾಲ್ಲೂಕಿಗೊಂದು ಗಂಡು ಪರೀಕ್ಷೆ

ನಮ್ಮ ಭಾವ ತಮ್ಮಯ್ಯ ಬೂಕನಕೆರೆಯವರು, ನನ್ನ ಅಕ್ಕ ಮಾರಮ್ಮನ ಗಂಡ. ಕಸುಬು ಮದುವೆ ಕುದುರಿಸುವುದು. ಜಮೀನೂ ಇದೆ, ಆದರೆ ಅದನ್ನು ನೋಡಿಕೊಳ್ಳುವವನು ಮಗ ನಾಗರಾಜು. ಭಾವನ ಕಾಲು ಸ್ವಂತ ಗದ್ದೆಗಿಂತ ಕಂಡವರ ಜಗಲಿ ತುಳಿದದ್ದೇ ಹೆಚ್ಚು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನಲ್ಲಿ ಯಾರ ಮನೆಯಲ್ಲಿ ಹೆಣ್ಣಿದೆ, ಯಾರ ಮನೆಯಲ್ಲಿ ಗಂಡಿದೆ, ಯಾರು ಇಟ್ಟುಕೊಂಡೂ ಇಲ್ಲ ಅನ್ನುತ್ತಾರೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಮದುವೆ ಆದ ಮೇಲೂ ಅವರ ಕೆಲಸ ಮುಗಿಯುತ್ತಿರಲಿಲ್ಲ. ಯಾರದಾದರೂ ಹೆಂಡತಿ ಮುನಿಸಿಕೊಂಡು ತವರಿಗೆ ಹೋದರೆ ಗಂಡಿನ ಕಡೆಯವರು ಭಾವನನ್ನೇ ಕಳಿಸುತ್ತಿದ್ದರು. ಭಾವ ಹೋಗಿ, ಕಾಫಿ ಕುಡಿದು, ಸಾಕಾಗುವಷ್ಟು ಮಾತಾಡಿ, ಆ ಹೆಣ್ಣುಮಗಳನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಬಂದುಬಿಡುತ್ತಿದ್ದರು. ಅದರಲ್ಲಿ ಅವರದು ಎತ್ತಿದ ಕೈ.

ಅಂಥವರ ಸ್ವಂತ ಮಗನಿಗೇ ಹೆಣ್ಣು ಸಿಗಲಿಲ್ಲ. ನಾಗರಾಜು ಬೇಸಾಯಗಾರ. ಬೇಸಾಯಗಾರನಿಗೆ ಹೆಣ್ಣು ಕೊಡುವವರು ಈಗ ನಮ್ಮ ಜಿಲ್ಲೆಯಲ್ಲಿ ಹುಡುಕಿದರೂ ಇಲ್ಲ. ಅದರ ಮೇಲೆ ಇನ್ನೊಂದು ವಕ್ರ ತರ್ಕ ಬೇರೆ ಹುಟ್ಟಿಕೊಂಡಿತ್ತು. ಊರಿಗೆಲ್ಲ ಮದುವೆ ಮಾಡಿಸಿದವನು ತನ್ನ ಮಗನಿಗೆ ಮಾಡಿಲ್ಲ ಅಂದರೆ ಹುಡುಗನಲ್ಲೇ ಏನೋ ಐಬು ಇರಬೇಕು ಅಂತ. ಅವನಲ್ಲಿ ಯಾವ ಐಬೂ ಇರಲಿಲ್ಲ. ಮೂವತ್ತೈದು ದಾಟಿದ್ದ, ಕೂದಲು ಸ್ವಲ್ಪ ಹಿಂದಕ್ಕೆ ಸರಿದಿತ್ತು, ಅಷ್ಟೆ. ಅಕ್ಕ ಮಾತ್ರ ಇದೇ ಕೊರಗಿನಲ್ಲಿ ಬಡವಾಗಿದ್ದಳು.

ಹೀಗಿರುವಾಗ ಭಾವನ ಮಗಳ ಮಗಳು ಸ್ನೇಹ ಕಾನೂನು ಓದಬೇಕೆಂದು ಕ್ಲ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆದು ಒಳ್ಳೆ ರ‍್ಯಾಂಕು ತೆಗೆದಳು. ಬೂಕನಕೆರೆಗೆ ಸಿಹಿ ಹಂಚಲು ಬಂದವಳನ್ನು ಭಾವ ಕೂರಿಸಿಕೊಂಡು ಅದೇನು ಎತ್ತ ಎಂದು ವಿಚಾರಿಸಿದರು. ನಾನೂ ಅಲ್ಲೇ ಇದ್ದೆ.

"ಮೊದ್ಲು ಒಂದೊಂದು ಲಾ ಯೂನಿವರ್ಸಿಟಿನೂ ಬೇರೆ ಬೇರೆ ಪರೀಕ್ಷೆ ಮಾಡ್ತಿತ್ತಂತೆ ತಾತ. ಹುಡುಗ್ರು ಎಲ್ಲಾ ಕಡೆ ಅಲೀಬೇಕಿತ್ತು. ಈಗ ಇಪ್ಪತ್ತಕ್ಕಿಂತ ಜಾಸ್ತಿ ಯೂನಿವರ್ಸಿಟಿ ಸೇರಿ ಒಕ್ಕೂಟ ಮಾಡ್ಕೊಂಡವ್ರೆ. ಒಂದೇ ದಿನ, ಒಂದೇ ಪರೀಕ್ಷೆ, ಒಂದೇ ರ‍್ಯಾಂಕ್ ಲಿಸ್ಟು."

"ಒಕ್ಕೂಟ ಅಂದ್ರೆ ಆಲಿನ ಒಕ್ಕೂಟ ಇದ್ದಂಗಾ?" ಎಂದರು ಭಾವ. ನಮ್ಮ ಕಡೆ ಒಕ್ಕೂಟ ಅಂದರೆ ಡೇರಿ ಹಾಲೇ ನೆನಪಾಗುವುದು.

"ಅಂಗೇ ಅನ್ಕೋ. ನಮಗೆ ಯಾವ ಕಾಲೇಜು ಮೊದ್ಲು ಬೇಕು, ಯಾವ್ದು ಆಮೇಲೆ ಅಂತ ಬರ್ದು ಕೊಡ್ತೀವಿ. ರ‍್ಯಾಂಕ್ ನೋಡಿ ಸೀಟು ಅಂಚ್ತಾರೆ, ಅದಕ್ಕೆ ಕೌನ್ಸೆಲಿಂಗ್ ಅಂತಾರೆ. ತಪ್ಪು ಉತ್ತರ ಬರೆದ್ರೆ ಕಾಲು ನಂಬರು ಕಟ್. ಅವರ ಉತ್ತರಾನೇ ತಪ್ಪು ಅನ್ನಿಸ್ತಾ, ಫೀಸ್ ಕಟ್ಟಿ ಆಕ್ಷೇಪಣೆ ಹಾಕ್ಬೋದು. ನಮ್ ಮಾತು ಸರಿ ಅಂತ ಆದ್ರೆ ಫೀಸು ವಾಪಸ್ಸು. ಸೀಟು ಸಿಕ್ಕಿದ್ಮೇಲೆ ಫ್ರೀಜ್ ಅಂದ್ರೆ ಇದೇ ಸಾಕು ಅಂತ. ಫ್ಲೋಟ್ ಅಂದ್ರೆ ಇದು ಕೈಯಾಗಿರ್ಲಿ, ಇದಕ್ಕಿಂತ ಒಳ್ಳೇದು ಬಂದ್ರೆ ಅದು ಬೇಕು ಅಂತ."

"ಅಯ್ಯೋ, ಅದು ನಮ್ ಎಣ್ಣಿನ ಕಡೆಯೋರು ಯಾವಾಗ್ಲೂ ಮಾಡೋದೇ ಕಣವ್ವಾ! ಅದಕ್ಕೊಂದು ಎಸ್ರು ಅದೆ ಅಂತ ಗೊತ್ತಿರ್ಲಿಲ್ಲ," ಎಂದವರೇ ಭಾವ ಸುಮ್ಮನಾದರು. ಬಾಯಲ್ಲಿದ್ದ ಎಲೆಅಡಿಕೆ ಉಗಿಯುವುದನ್ನೂ ಮರೆತರು. ಅವರು ಹಾಗೆ ಸುಮ್ಮನಾದರೆ ನನಗೆ ಭಯ.

ಮಾರನೇ ವಾರವೇ ನನಗೆ ಫೋನು. "ಲೇ ಕಿಟ್ಟಿ, ಒಬ್ಬೊಬ್ಬ ಗಂಡೂ ಬಾಡಿಗೆ ಕಾರ್ ಮಾಡ್ಕೊಂಡು ಅತ್ತು ಮನೆ ಸುತ್ತಿ ಅತ್ತು ಕಡೆ ಉಪ್ಪಿಟ್ಟು ತಿಂದು ಬತ್ತಾವ್ನೆ. ಒಂದೊಂದು ಮನೇಲೂ ಬೇರೆ ಬೇರೆ ಪ್ರಶ್ನೆ. ಎಣ್ಣಿನ ಕಡೆಯೋರ್ಗೂ ಉಪ್ಪಿಟ್ಟು ಮಾಡಿ ಮಾಡಿ ಸಾಕಾಗೋಯ್ತು. ಒಂದೇ ಪರೀಕ್ಷೆ ಮಾಡ್ಬುಟ್ರೆ?"

ನಾನು ನಕ್ಕೆ. ಭಾವ ನಗಲಿಲ್ಲ. ಅವರ ಹೊಟ್ಟೆಯೊಳಗಿನ ಮಾತು ನನಗೆ ಗೊತ್ತಾಯಿತು. ಪರೀಕ್ಷೆ ಅಂತಾದರೆ ಯಾರ ಮಗ, ಯಾಕೆ ಇನ್ನೂ ಉಳಿದಿದ್ದಾನೆ ಎಂದು ಯಾರೂ ಕೇಳುವ ಹಾಗಿಲ್ಲ. ನಂಬರು ಬಂದರೆ ಸೀಟು. ನಾಗರಾಜುಗೆ ಹೆಣ್ಣು ಸಿಗಲು ಉಳಿದದ್ದು ಅದೊಂದೇ ದಾರಿ ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು.

ಹೆಣ್ಣು ಹೆತ್ತವರು ಒಪ್ಪುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಉಪ್ಪಿಟ್ಟಿನ ಮಾತಿಗೆ ಒಪ್ಪಿಬಿಟ್ಟರು. ತಾಲ್ಲೂಕಿಗೊಬ್ಬ ಪ್ರತಿನಿಧಿ ಎಂದಾಯಿತು. ಕೆ.ಆರ್. ಪೇಟೆ ಕಡೆಯಿಂದ ಗೋವಿಂದನಹಳ್ಳಿಯ ಮಾಯಣ್ಣ, ಪಾಂಡವಪುರದ ಕಡೆಯಿಂದ ಚಿನಕುರಳಿಯಲ್ಲಿ ಜಲ್ಲಿ ವ್ಯಾಪಾರ ಮಾಡುವವರೊಬ್ಬರು, ನಾಗಮಂಗಲದಿಂದ ನಮ್ಮೂರಿನ ಒಬ್ಬ ನಿವೃತ್ತ ಮೇಷ್ಟ್ರು. ಶ್ರೀರಂಗಪಟ್ಟಣದ ಚೌಡಯ್ಯ ಮಾತ್ರ "ನನ್ ಮಗಳು ಎಂ.ಎಸ್ಸಿ. ಮಾಡವ್ಳೆ, ಅವ್ಳಿಗೆ ನಾನೇ ಬೇರೆ ಪರೀಕ್ಷೆ ಮಡಗ್ತೀನಿ" ಎಂದು ಹೊರಗುಳಿದರು. ದಿಲ್ಲಿಯ ಕಾನೂನು ವಿಶ್ವವಿದ್ಯಾಲಯವೂ ಒಕ್ಕೂಟದ ಪರೀಕ್ಷೆ ಬಿಟ್ಟು ತನ್ನದೇ ಬೇರೆ ನಡೆಸುತ್ತದೆ ಎಂದು ಸ್ನೇಹ ಹೇಳಿದ್ದು ಭಾವನಿಗೆ ಸಮಾಧಾನ ತಂದಿತು. ಆವತ್ತಿನಿಂದ ಚೌಡಯ್ಯನಿಗೆ ದಿಲ್ಲಿ ಚೌಡಯ್ಯ ಎಂದೇ ಹೆಸರಾಯಿತು. ಭಾವ ಸಂಚಾಲಕರಾದರು.

ಸ್ನೇಹ ಕಾಲೇಜಿಗೆ ಹೊರಡುವ ಮುಂಚೆ ಒಂದು ಮಾತು ಕೇಳಿದ್ದಳು. "ತಾತ, ಕಾಲೇಜಿಗೆ ಬಾಯಿಲ್ಲ, ಯಾರು ಬಂದ್ರೂ ಸುಮ್ನಿರ್ತದೆ. ಹುಡುಗೀರಿಗೆ ಬಾಯಿ ಅದಲ್ಲ?"

"ಅದಕ್ಕೇ ಅವರಪ್ಪಂದ್ರು ಅವ್ರಲ್ಲವ್ವಾ," ಎಂದಿದ್ದರು ಭಾವ. ಹುಡುಗಿ ತಲೆ ಚಚ್ಚಿಕೊಂಡು ಬಸ್ಸು ಹತ್ತಿದಳು.

ಪರೀಕ್ಷೆ ನಡೆದದ್ದು ಪಾಂಡವಪುರದ ಒಂದು ಕಲ್ಯಾಣಮಂಟಪದಲ್ಲಿ. ಗಂಡುಗಳೆಲ್ಲ ಹೆಣ್ಣು ನೋಡಲು ಹೊರಟವರ ಹಾಗೆ ಇಸ್ತ್ರಿ ಅಂಗಿ ಹಾಕಿಕೊಂಡು, ಅಮ್ಮಂದಿರ ಜೊತೆ ಬಂದಿದ್ದರು. ಫೋನು, ವಾಚು, ಜಾತಕ ಒಳಗೆ ತರುವಂತಿಲ್ಲ. ಊಟದ ಟೇಬಲ್ಲುಗಳೇ ಬೆಂಚು. ಮೇಲ್ವಿಚಾರಕ ನಾನು, ಯಾಕೆಂದರೆ ಭಾವನಿಗೆ ಪುಕ್ಕಟೆ ಸಿಗುವ ಮನುಷ್ಯ ನಾನೊಬ್ಬನೇ.

ಪ್ರಶ್ನೆಪತ್ರಿಕೆಯನ್ನು ಭಾವನೇ ಕೂತು ಬರೆದಿದ್ದರು. ಕ್ಲ್ಯಾಟಿನಲ್ಲಿ ಒಂದು ಪ್ಯಾಸೇಜು ಕೊಟ್ಟು ಅದರಲ್ಲಿರುವ ನಿಯಮವನ್ನು ಮಾತ್ರ ಹಿಡಿದು ಉತ್ತರಿಸಿ ಅನ್ನುತ್ತಾರಂತೆ. ಅದೇ ಮಾದರಿ ಇಲ್ಲೂ. "ನಿಯಮ: ಅಳಿಯನಾದವನು ಮಾವನ ಮನೆಯಲ್ಲಿ ಮೂರು ದಿನಕ್ಕಿಂತ ಹೆಚ್ಚು ಇರತಕ್ಕದ್ದಲ್ಲ. ಸಂಗತಿ: ಎ ಎಂಬ ಅಳಿಯನು ಎರಡನೇ ದಿನ ಬಚ್ಚಲಲ್ಲಿ ಜಾರಿ ಕಾಲು ಉಳುಕಿಸಿಕೊಂಡನು. ಅವನು ನಾಲ್ಕನೇ ದಿನ ಇರಬಹುದೇ?"

ಹಿಂದಿನ ಸಾಲಿನಲ್ಲಿದ್ದ ಒಬ್ಬ ಎದ್ದು ನಿಂತ. "ಸಾ, ಈ ಎ ಅನ್ನೋನು ಯಾವೂರೋನು?"

"ಪ್ಯಾಸೇಜಿನಾಗೆ ಇರೋದ್ನ ಮಾತ್ರ ನೋಡ್ಲಾ," ಎಂದೆ.

"ಅಂಗಲ್ಲ ಸಾ, ದೂರದೂರೋನಾದ್ರೆ ಇರ್ಲಿ ಪಾಪ. ಪಕ್ಕದೂರೋನಾದ್ರೆ ಒಂಟೋಗ್ಲಿ."

ಇನ್ನೊಂದು ಕಡೆ ಒಗ್ಗರಣೆಗೆ ಮೊದಲು ಏನು ಹಾಕಬೇಕು ಎಂಬ ಪ್ರಶ್ನೆಗೆ ಕಿಟಕಿಯಾಚೆಯಿಂದ ಅಮ್ಮಂದಿರು "ಸಾಸ್ವೆ! ಸಾಸ್ವೆ!" ಎಂದು ಕೂಗುತ್ತಿದ್ದರು. ಕಿಟಕಿ ಮುಚ್ಚಿಸಿದೆ. ಸೆಕೆಗೆ ಇಬ್ಬರು ಎದ್ದು ಹೋದರು, ಅವರನ್ನು ಗೈರುಹಾಜರು ಎಂದು ಬರೆಸಿದರು ಭಾವ.

ಕೊನೆಯ ಪ್ರಶ್ನೆ ಭಾವನಿಗೆ ಬಹಳ ಇಷ್ಟವಾದದ್ದು. ಹೆಂಡತಿ ಮುನಿಸಿಕೊಂಡು ತವರಿಗೆ ಹೋದರೆ ಗಂಡನು ಏನು ಮಾಡಬೇಕು? ಒಂದು, ಅದೇ ದಿನ ತಾನೇ ಹೋಗಿ ಕರೆಯಬೇಕು. ಎರಡು, ಅವಳೇ ಬರಲಿ ಎಂದು ಕಾಯಬೇಕು. ಮೂರು, ಮದುವೆ ಮಾಡಿಸಿದ ಹಿರಿಯರನ್ನು ಕಳಿಸಬೇಕು. ನಾಲ್ಕು, ಮಾವನಿಗೆ ಫೋನು ಮಾಡಬೇಕು. ಭಾವನ ಪ್ರಕಾರ ಸರಿ ಉತ್ತರ ಮೂರು. ಅವರ ಜೀವಮಾನದ ಕಸುಬೇ ಅದು, ಬೇರೆ ಉತ್ತರ ಹೇಗಾದೀತು?

ಉತ್ತರ ತಿದ್ದಿ ಪಟ್ಟಿ ಅಂಟಿಸಿದಾಗ, ಇದ್ದ ಹೆಣ್ಣುಗಳಿಗೆ ಸರಿಯಾಗಿ ಗಂಡುಗಳನ್ನು ಎಣಿಸಿ ಒಂದು ಗೆರೆ ಎಳೆದಿದ್ದರು. ಗೆರೆಯ ಕೆಳಗೆ ಮೊದಲನೇ ಹೆಸರು ನಾಗರಾಜು. ಕೊನೆಯ ಪ್ರಶ್ನೆಗೆ ಪರೀಕ್ಷೆ ಬರೆದವರೆಲ್ಲ ಮೂರಕ್ಕೆ ಗುರುತು ಹಾಕಿದ್ದರು, ಇವನೊಬ್ಬ ಒಂದಕ್ಕೆ ಹಾಕಿದ್ದ. ಬರಬೇಕಾದ ನಂಬರು ಬರಲಿಲ್ಲ, ಮೇಲೆ ಕಾಲು ನಂಬರು ಕಟ್. ಅದೊಂದು ಸರಿಯಾಗಿದ್ದರೆ ಗೆರೆಯ ಮೇಲಿರುತ್ತಿದ್ದ.

"ಯಾಕ್ಲಾ ಅಂಗೆ ಆಕ್ದೆ?" ಎಂದು ಕೇಳಿದೆ.

"ಅದೇ ಸರಿ ಅನ್ನುಸ್ತು ಮಾವ," ಎಂದು ಅವನು ಬೇರೆ ಕಡೆ ನೋಡಿದ.

ಆಕ್ಷೇಪಣೆಗೆ ಭಾವ ಇಟ್ಟ ಫೀಸು ಐದು ತೆಂಗಿನಕಾಯಿ. ಯಾರೂ ಹಾಕುವುದಿಲ್ಲ ಎಂದುಕೊಂಡು ಪ್ರತಿನಿಧಿಗಳ ಜೊತೆ ಮಂಟಪದ ವೇದಿಕೆಯ ಮೇಲೆ ಕೂತಿದ್ದರು. ಮಧ್ಯಾಹ್ನ ನನ್ನ ಅಕ್ಕ ಚೀಲ ಹೊತ್ತುಕೊಂಡು ಬಂದು ಕಾಯಿಗಳನ್ನು ಅವರ ಮುಂದೆ ಸುರಿದಳು. ಒಂದು ಉರುಳಿ ಮೇಷ್ಟ್ರ ಕಾಲಿಗೆ ಬಡಿಯಿತು.

"ಕೊನೇ ಪ್ರಶ್ನೆ ಉತ್ರ ತಪ್ಪು," ಎಂದಳು ಅಕ್ಕ.

"ಆಧಾರ ಏನು?" ಎಂದರು ಸಂಚಾಲಕರು.

ಮದುವೆಯಾದ ದಿನದಿಂದ ಗಂಡನನ್ನು ನೀವು ಅನ್ನುತ್ತಿದ್ದವಳು ಅವತ್ತು ಎಲ್ಲರೆದುರು ನೀನು ಅಂದಳು. "ಆಧಾರ ನಾನೇ. ನಾನು ಎಷ್ಟು ದಪ ಮುನಿಸ್ಕೊಂಡು ತವರಿಗೆ ಓದೆ, ನೀನು ಒಂದು ದಪನಾದ್ರೂ ಬಂದ್ಯಾ? ಚಿಕ್ಕಪ್ಪನ್ನ ಕಳಿಸ್ದೆ, ಪಟೇಲ್ರನ್ನ ಕಳಿಸ್ದೆ. ಊರೋರ ಎಂಡ್ರುನೆಲ್ಲ ಕರ್ಕೊಂಡ್ಬರಾಕೆ ಓಗ್ತಿದ್ದೆ, ನನ್ನ ಕರ್ಯಾಕೆ ಮಾತ್ರ ನಿಂಗೆ ಪುರುಸೊತ್ತಿಲ್ಲ. ಈ ನಾಗರಾಜು ಕೂಸು, ಬಾಗ್ಲಲ್ಲಿ ಕುಂತು 'ಅಪ್ಪ ಬತ್ತದಾ ಅವ್ವಾ' ಅಂತ ರಸ್ತೆ ನೋಡೋನು. ನಾನು ವಾಪಸ್ ಬಂದಿದ್ದು ನಿನ್ ಇರೀಕರ ಮಾತಿಗಲ್ಲ. ಅವನು ರಸ್ತೆ ನೋಡೋದ್ನ ನೋಡಾಕಾಗ್ದೆ ಬಂದೆ."

ಅವನು ಕೂತು ನೋಡುತ್ತಿದ್ದ ಆ ಬಾಗಿಲು ನಮ್ಮ ಮನೆಯದು.

ಭಾವನ ಮುಖ ಬಿಳಿಚಿಕೊಂಡಿತ್ತು. ಉತ್ತರ ಬದಲಾಯಿಸಿದರೆ ಲಾಭ ಅವರ ಮಗನೊಬ್ಬನಿಗೇ. ಮಾಯಣ್ಣ ಆಗಲೇ "ಸಂಚಾಲಕರ ಮನೆಗೇ ನಂಬರಾ?" ಎಂದು ಗೊಣಗಿದರು. ಭಾವ ಅತ್ತ ಇತ್ತ ನೋಡಿ, ಕನ್ನಡಕ ಸರಿಮಾಡಿಕೊಂಡು, "ಆಕ್ಷೇಪಣೆ ತಿರಸ್ಕರಿಸಲಾಗಿದೆ" ಎಂದು ಪುಸ್ತಕದ ಭಾಷೆಯಲ್ಲಿ ಓದಿದರು. ನನಗೆ ಎದ್ದು ಹೋಗಿ ಒಂದು ಬಾರಿಸಬೇಕು ಅನ್ನಿಸಿತು. ಭಾವ ಅಂತ ಬಿಟ್ಟೆ.

ಅಕ್ಕ ಖಾಲಿ ಚೀಲ ಮಡಿಸಿ ಕಂಕುಳಿಗೆ ಸಿಕ್ಕಿಸಿಕೊಂಡು "ನಡೀಲಾ ಕಿಟ್ಟಿ" ಎಂದಳು. ಇಬ್ಬರೂ ನಾಗಮಂಗಲದ ಬಸ್ಸು ಹತ್ತಿದೆವು. ಅವಳು ಟಿಕೆಟ್ ತನ್ನದು ತಾನೇ ತೆಗೆಸಿದಳು. ಆಧಾರ್ ಕಾರ್ಡು ತೋರಿಸಿದರೆ ಹೆಂಗಸರಿಗೆ ಪುಕ್ಕಟೆ.

ಮನೆಗೆ ಬಂದು ಕೂತಿರಲಿಲ್ಲ, ಚಿನಕುರಳಿಯ ಜಲ್ಲಿ ವ್ಯಾಪಾರಿಯ ಫೋನು ಬಂತು. "ತಮ್ಮಯ್ಯನೋರು ಕಳಿಸ್ತಾವ್ರೆ, ನಾನು ಮೇಷ್ಟ್ರು ಇಬ್ರೂ ಬಂದು ಮಾತಾಡ್ತೀವಿ, ಅಕ್ಕಯ್ಯನ್ನ ಸಮಾಧಾನ ಮಾಡಿ," ಎಂದರು. ಅಕ್ಕ ಕೇಳಿಸಿಕೊಂಡು "ಬರಬ್ಯಾಡಿ ಅನ್ನು" ಎಂದಳು. ಅಂದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅಂಗಳದಲ್ಲಿ ಮೊಪೆಡ್ಡಿನ ಸದ್ದಾಯಿತು. ಭಾವ ಒಬ್ಬರೇ. ಮುಂದೆ ಕಾಲಿಡುವ ಜಾಗದಲ್ಲಿ ಅದೇ ಐದು ತೆಂಗಿನಕಾಯಿ.

ಹೊಸ್ತಿಲ ಹೊರಗೇ ನಿಂತರು. "ಆಕ್ಷೇಪಣೆ ಸರಿ ಅದೆ ಕಣೆ," ಎಂದರು, ಅಕ್ಕನ ಮುಖ ನೋಡದೆ ಕಾಯಿಗಳನ್ನು ನೋಡುತ್ತ. "ಅದ್ಕೇ ಫೀಸು ವಾಪಸ್ ತಂದೆ. ಸರಿ ಉತ್ರ ಮೂರಲ್ಲ, ಒಂದು ಅಂತ ಬರ್ದು ಬೇರೆ ಪಟ್ಟಿ ಅಂಟಿಸ್ಬುಟ್ಟೆ. ಮಗನಿಗೆ ಮೋಸದಾಗೆ ನಂಬರು ಕೊಟ್ಟ ಅಂತ ಎಲ್ರೂ ಎದ್ದೋದ್ರು. ಒಕ್ಕೂಟ ಒಡ್ದೋಯ್ತು. ಇನ್ ಮ್ಯಾಲೆ ನನ್ನ ಯಾರೂ ಜಗಲಿ ಅತ್ತಿಸ್ಕಳಲ್ಲ. ಅವನಿಗೂ ಎಣ್ಣಿಲ್ಲ ಅಂತ ಆಯ್ತು."

ಅಕ್ಕ ಕಾಲಿಗೆ ನೀರು ತಂದಿಟ್ಟಳು. ನಾನು ಕಾಯಿ ಎತ್ತಿ ಒಳಗಿಟ್ಟೆ, ಬೇರೇನು ಮಾಡುವುದೆಂದು ತೋಚಲಿಲ್ಲ.

ಭಾವ ಕಾಲು ತೊಳೆಯುತ್ತಿದ್ದಾಗ ಅವರ ಫೋನು ಬಡಿದುಕೊಂಡಿತು. ಕೈ ಒದ್ದೆ ಎಂದು ಸ್ಪೀಕರ್ ಹಾಕಿದರು.

"ನಾನು ಗೋವಿಂದನಹಳ್ಳಿ ಮಾಯಣ್ಣನ ಮಗಳು ದೀಪ," ಎಂದಿತು ಒಂದು ಹೆಣ್ಣು ದನಿ. "ನಮ್ಮಪ್ಪ ಬಂದು ಕೂಗಾಡ್ತಾವ್ರೆ. ನಂಗೊಂದು ವಿಷ್ಯ ಏಳಿ. ಆ ಒಂದನೇ ಉತ್ರ ನಿಮ್ ಮಗ ತಾನೇ ಆಕಿದ್ದಾ, ಇಲ್ಲ ನೀವು ಏಳ್ಕೊಟ್ಟಿದ್ದಾ?"

"ನಾನು ಏಳ್ಕೊಟ್ಟಿದ್ರೆ ಮೂರು ಆಕ್ತಿದ್ದ ಕಣವ್ವಾ," ಎಂದರು ಭಾವ.

"ಅಂಗಾದ್ರೆ ನಾನು ಅವ್ರನ್ನ ನೋಡ್ಬೇಕು."

ಭಾವ ಗಾಬರಿಯಾದರು. "ಅಂಗೆಲ್ಲ ಬರಾಕಿಲ್ಲವ್ವಾ. ಕೌನ್ಸೆಲಿಂಗು ರದ್ದಾಗೋಯ್ತು. ಈಗ ಯಾವ ಸೀಟೂ ಅಂಚಂಗಿಲ್ಲ."

"ನಾನು ಸೀಟಲ್ಲ," ಎಂದಳು ಹುಡುಗಿ.

ಭಾವ ಒದ್ದೆ ಕೈಯಲ್ಲೇ ತಲೆ ಕೆರೆದುಕೊಂಡರು. ಜೀವಮಾನದ ಚಾಳಿ, ಎಲ್ಲಿಗೆ ಹೋದೀತು? "ಆಯ್ತವ್ವಾ ತಾಯಿ. ನಾಳೆ ಬೆಳಿಗ್ಗೆನೇ ಇಬ್ರು ಇರೀಕರನ್ನ ಕಳಿಸ್ತೀನಿ, ಕುಂತು ಮಾತಾಡಿ..."

ಅಕ್ಕ ಫೋನು ಕಿತ್ತುಕೊಂಡಳು.

"ಯಾರ್ನೂ ಕಳ್ಸಾಕಿಲ್ಲ ಕಣವ್ವಾ. ನನ್ ಮಗನೇ ಬತ್ತಾನೆ."